ಟೇಪಿನ ಕೆಳಗಿನ ಮುಖ

ಆಗಸ್ಟ್ 18, ಬೆಳಿಗ್ಗೆ 6
ಶಾಲೆಗೆ ಹೊರಡುವ ಮೊದಲು ಒಂದು ಗಂಟೆ ಸಿಕ್ಕಿತು. ಕ್ಯಾನ್ವಾಸಿಗೆ ಎರಡನೆಯ ಕೋಟ್. ಮಣ್ಣಿನ ಕೆಂಪು ಇನ್ನೂ ಸರಿಯಾಗಿಲ್ಲ. ಎದುರಿಗೆ ಮನೆಗೆಲಸದ ಚೆಲುವಮ್ಮ ಕೊಟ್ಟ ಫೋಟೊ — ಅವರ ಗಂಡ ಮಂಟಯ್ಯ, ಹನಗೋಡಿನ ಹತ್ತಿರ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮುಂದೆ ನಿಂತದ್ದು. ತೀರಿಕೊಂಡು ಹದಿನೆಂಟು ವರ್ಷ. ಇರುವುದು ಇದೊಂದೇ ಫೋಟೊ.

"ಆ ನೀಲಿ ಶರ್ಟೂ ಅವ್ರದಲ್ಲ ಅಕ್ಕೋರೆ," ಎಂದು ನಕ್ಕಿದ್ದರು ಚೆಲುವಮ್ಮ. "ಪಕ್ಕದ್ಮನೆ ಕನಕರಾಜುಂದು. ಫೋಟೊಕ್ಕೆ ಅಂತ ಇಸ್ಕಂಡಿದ್ರು. ಬರ್ಕಂಡು, ಮಾಳಯ ಅಮಾಸೆ ಎಡೆ ಒತ್ಗೆ ಕೊಟ್ಬುಡಿ."

ಗಂಡನ ಚಿತ್ರ ಬರೆಯುತ್ತೇನೆ ಎಂದುಕೊಂಡಿದ್ದಾರೆ. ನನಗೆ ಬೇಕಿದ್ದದ್ದು ಹಿಂದಿನ ಬ್ಯಾರನ್ನಿನ ಗೋಡೆ, ಮಸಿ, ನೀಲಿ ಬಾಗಿಲು. ಇದು ಅಬ್‌ಸ್ಟ್ರ್ಯಾಕ್ಟ್, ಬರೀ ಬಣ್ಣ, ಮನುಷ್ಯರಿರುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಆಗಸ್ಟ್ 21
ಫೋಟೊದಲ್ಲಿ ಮಂಟಯ್ಯನ ಮುಖ ಅಡ್ಡ ಬರುತ್ತಿದೆ. ಗೋಡೆ ನೋಡಲು ಹೋದರೆ ಅವರ ಕಣ್ಣಿಗೇ ಕಣ್ಣು ಹೋಗುತ್ತದೆ. ಫೋಟೊದ ಮೇಲೆ, ಅವರ ತಲೆಯಿಂದ ಸೊಂಟದವರೆಗೆ, ಮಾಸ್ಕಿಂಗ್ ಟೇಪ್ ಅಂಟಿಸಿದೆ. ತಕ್ಷಣ ಕೆಲಸ ಸಲೀಸಾಯಿತು. ಅಷ್ಟು ಸಲೀಸಾದದ್ದಕ್ಕೆ ಸ್ವಲ್ಪ ನಾಚಿಕೆ. ಸ್ವಲ್ಪವೇ.

ಸೆಪ್ಟೆಂಬರ್ 17
ಚಿತ್ರ ಮುಗಿಯಿತು. ಮೈಸೂರಿನ ಗ್ರೂಪ್ ಶೋಗೆ ಫಾರ್ಮ್ ತುಂಬಿದೆ. ಆಮೇಲೆ ಫೋಟೊದ ಮೇಲಿನ ಟೇಪ್ ಎಳೆದೆ. ನಿಧಾನವಾಗಿಯೇ ಎಳೆದೆ.

ಮುಖ ಟೇಪಿನ ಜೊತೆಗೇ ಬಂತು. ಉಳಿದದ್ದು ಬಿಳಿ ಕಾಗದ, ಅದರ ಕೆಳಗೆ ಎರಡು ಕಾಲು.

ಫೋನಿನಲ್ಲಿ ಒಂದು ಪ್ರತಿ ಇದೆ. ಟೇಪ್ ಹಾಕಿದ ಮೇಲೆ ತೆಗೆದದ್ದು... ಡ್ರಾಯಿಂಗ್ ಕ್ಲಾಸಿನಲ್ಲಿ ಮಕ್ಕಳಿಗೆ ನಾನೇ ಹೇಳುತ್ತೇನೆ, ಟೇಪನ್ನು ಅರ್ಧ ದಿನಕ್ಕಿಂತ ಹೆಚ್ಚು ಬಿಡಬೇಡಿ, ಅಂಟು ಕಚ್ಚಿಕೊಳ್ಳುತ್ತದೆ ಎಂದು.

ಸೆಪ್ಟೆಂಬರ್ 18
ತಲೆನೋವು ಎಂದು ಚೆಲುವಮ್ಮನನ್ನು ಬಾಗಿಲಿನಿಂದಲೇ ಕಳಿಸಿದೆ.

ಸೆಪ್ಟೆಂಬರ್ 19, ಸಂಜೆ
ಹೇಳಿದೆ. ಫೋಟೊ ಕೈಗಿಟ್ಟೆ. ಧೂಳು ಕೂತಿದೆಯೇನೋ ಎಂಬಂತೆ ಬಿಳಿ ಜಾಗವನ್ನು ಸೆರಗಿನಲ್ಲಿ ಒರೆಸಿದರು. ಎರಡು ಸಲ.

"ಕಾಲು ಅವ್ರವೇ," ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಕ್ಯಾನ್ವಾಸಿನ ಕಡೆ ತಿರುಗಿದರು. "ಇದ್ರಲ್ಲಿ ಎಲ್ಲವ್ರೆ?" ನಾನು ಬಾಯಿ ಬಿಡುವ ಮೊದಲೇ ನೀಲಿ ಪಟ್ಟಿಯ ಮೇಲೆ ಬೆರಳಿಟ್ಟರು. "ಇದೇ ಅಲ್ವಾ ಆ ಶರ್ಟು?"

"ಹೂಂ," ಎಂದೆ.

ಅದು ಬ್ಯಾರನ್ನಿನ ಬಾಗಿಲು. ಟೇಪ್ ಮುಚ್ಚಿದ್ದು ಮಂಟಯ್ಯನನ್ನೇ, ಶರ್ಟಿನ ಸಮೇತ. ಚಿತ್ರದಲ್ಲಿ ಅವರು ಎಲ್ಲೂ ಇಲ್ಲ.

"ಅಂಗಾರೆ ಇದ್ನೇ ಮಡಗ್ತೀನಿ ಬುಡಿ ಎಡೆಗೆ."

ಕ್ಯಾನ್ವಾಸನ್ನು ಆಟೋಗೆ ನಾನೇ ಎತ್ತಿಟ್ಟೆ. ಶೋ ಬೇಡ ಎಂದು ಮೆಸೇಜ್ ಹಾಕಿದೆ. ಅದರಿಂದ ಏನು ಸರಿಹೋಯಿತು?

ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ
ಕರೆದಿದ್ದರು, ಹೋದೆ. ಗೋಡೆಗೆ ಒರಗಿಸಿದ ಚಿತ್ರ, ಚೆಂಡುಹೂವಿನ ಹಾರ. ಮುಂದೆ ಬಾಳೆ ಎಲೆ, ಮುದ್ದೆ, ಕೋಳಿ ಸಾರು, ಹೊಸ ಪಂಚೆ, ಒಂದು ಕಟ್ಟು ಬೀಡಿ.

ಕನಕರಾಜು ಬಂದು ತಲೆ ವಾರೆ ಮಾಡಿ ನೋಡಿದರು. "ಎಲ್ಲವ್ನೆ ಕಣಕ್ಕ ಮಂಟಣ್ಣ?"

"ಅಗೋ, ನಿನ್ ಶರ್ಟ್ನಲ್ಲೇ ಅವ್ರೆ. ವಾಪಸ್ ಕೇಳ್ಬ್ಯಾಡ ಈಗ."

ಎಲ್ಲರೂ ನಕ್ಕರು. ಕನಕರಾಜು ಹೆಗಲಿನ ಟವೆಲ್ ತೆಗೆದು ಕೈ ಮುಗಿದರು.

ಆಗ ಚೆಲುವಮ್ಮ ನನ್ನ ಕಡೆ ತಿರುಗಿದರು. ಬೆರಳ ತುದಿಯಲ್ಲಿ ಕುಂಕುಮ. "ಮುಖ ಎಲ್ಲಿ ಬತ್ತದೆ ತೋರ್ಸಿ ಅಕ್ಕೋರೆ. ಬೊಟ್ಟಿಡ್ಬೇಕು."

ಎದ್ದು ಹತ್ತಿರ ಹೋದೆ. ನೀಲಿಗಿಂತ ಸ್ವಲ್ಪ ಮೇಲೆ, ಮಸಿ ಬಳಿದ ಕಡೆಗೆ ಕೈ ಎತ್ತಿ, "ಇಲ್ಲಿ," ಎಂದೆ.