ನಲವತ್ತೇಳನೇ ಪತಂಗ

ಆಗಸ್ಟ್ 9, ಬೆಳಿಗ್ಗೆ 6.40, ಜಾವಗಲ್

ಮತ್ತೆ ಅದೇ. ರಾತ್ರಿ ಪತಂಗ ಸೆಳೆಯಲು ಇಟ್ಟ ಲೈಟಿನ ಪೆಟ್ಟಿಗೆ ಬಿಚ್ಚಿ, ಒಳಗಿನ ಮೊಟ್ಟೆ ಟ್ರೇ ಎತ್ತಿ, ಕೂತ ಪತಂಗಗಳನ್ನು ಎಣಿಸಿ, ಫೋಟೋ ತೆಗೆದು, ಕೊಡವಿ ಬಿಡುವುದು. ಮೂರು ಊರಿಗೂ ಇದೊಂದೇ ಪೆಟ್ಟಿಗೆ. ಬೂದು ಬಣ್ಣದ್ದು 112. ಬೇಲೂರಲ್ಲೂ ರಾಶಿ, ಗೆಂಡೆಹಳ್ಳಿಯಲ್ಲೂ ರಾಶಿ. ಎಲ್ಲ ಕಡೆ ಇರುವುದು ಹೋದಲ್ಲೆಲ್ಲ ನೂರಾರು. ಒಂದೇ ಕಡೆ ಇರುವುದು ಅಲ್ಲೂ ಒಂದೋ ಎರಡೋ. ಇದ್ಯಾವ ನ್ಯಾಯ!

ಪೆಟ್ಟಿಗೆ ಇಟ್ಟಿರುವ ಸ್ಕೂಲಿನ ವಾಚ್‌ಮನ್ ಕೆಂಚಯ್ಯ ಬಗ್ಗಿ ನೋಡಿದರು. "ನಮ್ದು ಬಂದೈತೇನವ್ವಾ?"

ಬಂದಿತ್ತು. ನನ್ನ ಪಟ್ಟಿಯ 47ನೇ ಜಾತಿ, ಹಳದಿ ಗೆರೆಯದು. ಇನ್ನೂ ಹೆಸರು ಗೊತ್ತಾಗಿಲ್ಲ. ಒಂದೇ ಒಂದು. ಇಲ್ಲಿ ಬಿಟ್ಟರೆ ಎಲ್ಲೂ ಸಿಕ್ಕಿಲ್ಲ. ಯಾವ ಜಾತಿ ಎಷ್ಟು ಊರಲ್ಲಿ, ಎಷ್ಟೆಷ್ಟು ಅಂತ ಚುಕ್ಕೆ ಇಡುವ ಗ್ರಾಫಿಗೆ ಒಂದೇ ಊರಿನದನ್ನು ಸೇರಿಸಲ್ಲ ಅಂದಿದ್ದಾರೆ ಪ್ರಾಜೆಕ್ಟಿನ ಮೀನಾಕ್ಷಿ ಮೇಡಂ.

ಆಗಸ್ಟ್ 10, ಗೆಂಡೆಹಳ್ಳಿ

ಅಯ್ಯೋ ದೇವರೇ, ಸಿಕ್ತು! 47! ಫೋಟೋ ಎರಡು ಸಲ ತೆಗೆದೆ. ಬೇಲಿಯ ಪೊದೆ ಮೇಲೆ ಬಿಟ್ಟೆ. ಮೇಡಂ ಮೆಸೇಜ್ — "ಗುಡ್, ಎರಡು ಸೈಟ್ ಆಯ್ತು, ಸೇರಿಸ್ತೀನಿ." ಕೆಂಚಯ್ಯನವರಿಗೆ ಫೋನ್ ಮಾಡಿದೆ. "ಹಂಗಾರೆ ನಮ್ದಕ್ಕೂ ನೆಂಟ್ರವ್ರೆ ಅನ್ನು!" ಎಂದು ನಕ್ಕರು.

ಬೇಲೂರಿನ ರೂಮಿಗೆ ಬಂದು ಶಾವಿಗೆ ಪಾಯಸ ಮಾಡಿದೆ. ಕೊಡಲು ಯಾರೂ ಇಲ್ಲ. ಎರಡು ಹೊತ್ತು ಅದನ್ನೇ ತಿಂದೆ.

ಆಗಸ್ಟ್ 12, ಬೇಲೂರು

ಫೋಟೋ ಜೋಡಿಸುತ್ತಿದ್ದೆ. 9ರದು, 10ರದು. ಎರಡರಲ್ಲೂ ಬಲ ರೆಕ್ಕೆಯ ತುದಿ ಹರಿದಿದೆ. ಝೂಮ್ ಮಾಡಿದೆ. ಅದೇ ಹರಕು... ಎರಡೂ ಒಂದೇ ಪತಂಗ.

ಕೊಡವಿದಾಗ ಹಾರಿತು ಅಂದುಕೊಂಡಿದ್ದೆ. ಟ್ರೇಯ ಗುಳಿಯಲ್ಲೇ ಕೂತು ನನ್ನ ಜೊತೆ ಬಸ್ಸಲ್ಲಿ ಬಂದಿದೆ. ಥೂ, ನನ್ನ ಬುದ್ಧಿಗಿಷ್ಟು. ಮೇಡಂಗೆ ಹೇಳಬೇಕು. ನಾಳೆ.

ಆಗಸ್ಟ್ 21

ಹೇಳಿಲ್ಲ. ಗ್ರಾಫ್ ಕಳಿಸಿದ್ದಾರೆ. ಕೆಳಗಿನ ಮೂಲೆಯಲ್ಲಿ ಪುಟ್ಟ ಚುಕ್ಕೆ — 47. ನೋಡಿದರೆ ಖುಷಿ, ಹಿಂದೆಯೇ ಫೋನ್ ಮಗುಚಿಡುತ್ತೇನೆ. ಏನು ಮಾಡಲಿ ಅಂತ ಕೇಳಲು ಒಬ್ಬರಿಲ್ಲ. ಒಂಬತ್ತು ದಿನದಿಂದ ಗೋಡೆ ಜೊತೆ ಮಾತು.

ಆಗಸ್ಟ್ 23, ಬೆಳಿಗ್ಗೆ 8.15, ಬಸ್ಸು

ನಿನ್ನೆ ಮೇಡಂಗೆ ಬರೆದೆ. ಚುಕ್ಕೆ ತೆಗೆದರು. ಬೈಯಲಿಲ್ಲ. ಕೆಂಚಯ್ಯನವರಿಗೆ ಇವತ್ತು ಜಾವಗಲ್‌ನಲ್ಲಿ ಎದುರಿಗೇ ಹೇಳಿದೆ. ಅವರು ಗ್ರಾಫಿನ ಮಾತು ಎತ್ತಲೇ ಇಲ್ಲ.

"ಹೋಗ್ಲಿ ಬಿಡವ್ವಾ. ಆದ್ರೆ ಅದನ್ನ ಅಲ್ಲೇ ಬಿಟ್ಬಂದ್ಯಲ್ಲ... ಅಲ್ಲಿ ಅದಕ್ಕೆ ಯಾರವ್ರೆ?"

ನನಗೆ ಇದು ಹೊಳೆದೇ ಇರಲಿಲ್ಲ. ಹದಿಮೂರು ದಿನ. ಇಷ್ಟು ದಿನ ಬದುಕಿರುವುದಿಲ್ಲ, ಗೊತ್ತು. ಆದರೂ ಬೇಲೂರಲ್ಲಿ ಇಳಿದು ಗೆಂಡೆಹಳ್ಳಿ ಬಸ್ಸು ಹಿಡಿಯುತ್ತೇನೆ. ಹೋಗಿ ಏನು ಮಾಡ್ತೀಯ ಅಂತ ಯಾರಾದರೂ ಕೇಳಿದರೆ... ಯಾರೂ ಕೇಳುವುದಿಲ್ಲ, ಅದು ಬೇರೆ. ಕೇಳಿದರೆ — ನೆಂಟರನ್ನು ನೋಡೋಕೆ ಅಂತೀನಿ.