ಮಕ್ಕಳ ಡಾಕ್ಟರಿಲ್ಲದ ಊರು

ಪ್ರೀತಿಯ ಅಮ್ಮ,

ನನ್ನ ಹೆರಿಗೆಯ ಹೊತ್ತಿಗೆ ನೀನು ಇಲ್ಲಿಗೆ ಬರುವುದು ಬೇಡ. ಮುಂದಿನ ವಾರ ನಾನೇ ಅಲ್ಲಿಗೆ ಬರುತ್ತೇನೆ. ಅಲ್ಲಿನ ಯಾವುದಾದರೂ ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕೀತೇ, ವಿಚಾರಿಸಿಡು.

ನಿನ್ನ ಅಳಿಯನಿಗೆ ಕಾರ್ಖಾನೆಯಲ್ಲಿ ಕೆಲಸ, ನನ್ನನ್ನು ಬಿಟ್ಟರೆ ಇನ್ನೊಬ್ಬ ಮಕ್ಕಳ ಡಾಕ್ಟರಿಲ್ಲದ ಊರು, ಕಾರ್ಖಾನೆಯವರೇ ಕೊಡುವ ಮನೆ ಎಂದೆಲ್ಲ ಯೋಚಿಸಿ ಈ ಊರನ್ನು ಆರಿಸಿಕೊಂಡೆವು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತೆಂದು ನೀನೂ ಹಿಗ್ಗಿದ್ದೆ.

ಆದರೆ ಕಾರ್ಖಾನೆಯ ಹಿಂದಿನ ಬೀದಿಯ ಮಕ್ಕಳಿಗೆ ಶಾಲೆಗೆ ಹೋಗುವ ವಯಸ್ಸಾದರೂ ಮಾತು ಬರುತ್ತಿಲ್ಲ. ಚೆಂಡು ಹಿಡಿದರೆ ಕೈ ನಡುಗುತ್ತದೆ. ಇಲ್ಲಿನ ನೀರನ್ನು ಪರೀಕ್ಷೆಗೆ ಕಳಿಸುತ್ತೇನೆಂದು ಆಸ್ಪತ್ರೆಯಲ್ಲಿ ಹೇಳಿದೆ. ಅಂದು ಸಂಜೆಯೇ ಕಾರ್ಖಾನೆಯ ಮ್ಯಾನೇಜರ್ ಮನೆಗೆ ಬಂದರು.

"ಮೊದಲಿದ್ದ ಡಾಕ್ಟ್ರೂ ಹೀಗೇ ನೀರು ನೀರು ಅಂತಿದ್ರಮ್ಮ. ಪಾಪ, ಅವ್ರಿಗೆ ಈಗ ಎಲ್ಲೂ ಕೆಲಸಾನೇ ಸಿಗ್ತಿಲ್ವಂತೆ" ಎಂದು ನಕ್ಕರು.

ಅವರು ಹೋದ ಮೇಲೆ ನಿನ್ನ ಅಳಿಯ ರೇಗಲಿಲ್ಲ. "ನಿಂಗೆ ಸುಮ್ನೆ ಭಯ ಕಣೇ" ಎಂದು ನಲ್ಲಿಯಿಂದ ಒಂದು ಲೋಟ ನೀರು ಹಿಡಿದು, ನನ್ನೆದುರೇ ಗಟಗಟ ಕುಡಿದರು. ಈಗ ದಿನವೂ ಊಟಕ್ಕೆ ಕೂತಾಗ ಹಾಗೇ ಮಾಡುತ್ತಾರೆ. ಆಮೇಲೆ ಇನ್ನೊಂದು ಲೋಟ ತುಂಬಿ ನನ್ನ ಮುಂದಿಟ್ಟು, ನಾನು ಕುಡಿಯುವವರೆಗೂ ನೋಡುತ್ತಾ ಕೂರುತ್ತಾರೆ.

ಈ ಪತ್ರಕ್ಕೆ ಉತ್ತರ ಬರೆಯಬೇಡ.

ನಿನ್ನ ಮಗಳು