ನಾಲ್ಕು ಗಂಟೆಯ ಹಾಡಿಗೆ ಒಂದು ದಿನ ರಜೆ ಕೊಡಿ

ಗೋಪುರಗಾನ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಹೆಂಡತಿ ನನ್ನನ್ನು ಮದುವೆಯಾಗಲು ಒಪ್ಪಿದ್ದು ತನ್ನ ಮನಸ್ಸಿನಿಂದಲೋ, ತಮ್ಮ ಇಲಾಖೆಯ ಹಾಡಿನಿಂದಲೋ? ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೆ ಈ ಪ್ರಶ್ನೆ ಕೇಳುವ ಯೋಗ ಬಂದದ್ದು ತಮ್ಮ ಕೃಪೆ. ಅದಕ್ಕೆ ಮೊದಲು ವಂದನೆ, ಆಮೇಲೆ ಜಗಳ.

ಕಳೆದ ವಾರ ತಾವು ಗೋಡೆಗೋಡೆಗೂ ಅಂಟಿಸಿದ ಪ್ರಕಟಣೆಯನ್ನು ಊರೆಲ್ಲ ಓದಿದೆ. ಗಡಿಯಾರದ ಗೋಪುರದಿಂದ ದಿನವೂ ನಾಲ್ಕರಿಂದ ನಾಲ್ಕೂವರೆವರೆಗೆ ಕೇಳಿಬರುವ ಆ ಇಂಪಾದ ಹಾಡು ಬರಿಯ ಹಾಡಲ್ಲವಂತೆ, ಮಂತ್ರಿಸಿದ ಹಾಡಂತೆ. ಅದು ಕಿವಿಗೆ ಬೀಳುವಷ್ಟು ಹೊತ್ತು ಯಾರು ಏನು ಕೇಳಿದರೂ ನಮ್ಮ ಬಾಯಲ್ಲಿ ‘ಆಗಲಿ’ ಎಂದೇ ಬರುತ್ತದಂತೆ. ‘ಪ್ರಜೆಗಳ ಸಹಮತಕ್ಕೆ ಇಪ್ಪತ್ತೈದು ವರ್ಷ’ ಎಂದು ಬೆಳ್ಳಿ ಬಣ್ಣದಲ್ಲಿ ಬೇರೆ ಬರೆಸಿದ್ದೀರಿ. ಸಾರ್ವಜನಿಕ ಸಭೆಗಳೆಲ್ಲ ನಾಲ್ಕಕ್ಕೇ ಏಕೆ ಸೇರುತ್ತಿದ್ದವೆಂದು ಈಗ ತಿಳಿಯಿತು. ಕಳ್ಳ ಸಿಕ್ಕಿಬೀಳುವುದನ್ನು ಕಂಡಿದ್ದೇನೆ. ಇಪ್ಪತ್ತೈದು ವರ್ಷ ಕದ್ದೆನೆಂದು ತಾನೇ ಡಂಗುರ ಸಾರಿ ಸನ್ಮಾನ ಬಯಸಿದ್ದನ್ನು ಮಾತ್ರ ಇದೇ ಮೊದಲು ಕಾಣುತ್ತಿರುವುದು.

ನಾನು ಕ್ಷೌರಿಕ. ಗೋಪುರದ ಬುಡದಲ್ಲೇ ಅಂಗಡಿ. ಎರಡು ಕುರ್ಚಿ, ಅದರಲ್ಲಿ ಒಂದರ ತಲೆದಿಂಬು ಅಲ್ಲಾಡುತ್ತದೆ. ಊರಿನವರು ನನಗಿಟ್ಟ ಹೆಸರು ‘ಮೀಸೆಗಳ್ಳ’. ಮೂರೂವರೆಗೆ ಬಂದ ಗಿರಾಕಿ ‘ಇಲ್ಲೊಂದೆಳೆ ಉದ್ದ ಇದೆ ನೋಡು’ ಎಂದು ಪ್ರಾಣ ತಿನ್ನುತ್ತಾನೆ. ಅದೇ ಗಿರಾಕಿ ನಾಲ್ಕಾದ ಮೇಲೆ ಹಸುಗೂಸು. ಒಮ್ಮೆ ಶಾಲೆಯ ಮೇಷ್ಟರು ಕೂತಿದ್ದಾಗ ‘ಮೀಸೆ ತೆಗೆದ್ಬಿಡ್ಲಾ ಮೇಷ್ಟ್ರೇ?’ ಎಂದು ತಮಾಷೆಗೆ ಕೇಳಿದೆ. ‘ಆಗಲಿ’ ಎಂದರು. ತೆಗೆದೆ. ನಾಲ್ಕೂವರೆಗೆ ಕನ್ನಡಿ ನೋಡಿಕೊಂಡವರು, ‘ನಿನ್ನ ಕೈ ಸೇದ್ಹೋಗ’ ಎಂದು ಶಪಿಸಿದರು.

‘ನೀವೇ ಹೇಳಿದ್ರಲ್ಲ ಮೇಷ್ಟ್ರೇ.’

‘ಹೇಳ್ದೆ ಕಣೋ. ಯಾಕೆ ಹೇಳ್ದೆ ಅಂತ ನನಗೇ ಗೊತ್ತಿಲ್ವಲ್ಲೋ.’

ಹೀಗೆ ಹನ್ನೊಂದು ಮೀಸೆಗಳು ಹೋಗಿವೆ. ಪಾಪ ಮಾತ್ರ ನನ್ನ ತಲೆಗೆ. ‘ನಾಲ್ಕು ದಿನ ಇದ್ದು ಹೋಗ್ಲಾ ಭಾವ?’ ಎಂದು ಭಾವಮೈದುನ ಕೇಳಿದ್ದೂ ಆ ಹೊತ್ತಿನಲ್ಲೇ. ಅವನ ನಾಲ್ಕು ದಿನಕ್ಕೆ ಈಗ ಆರನೆಯ ವರ್ಷ.

ಇರಲಿ, ಮೀಸೆ ಮತ್ತೆ ಬೆಳೆಯುತ್ತದೆ, ಭಾವಮೈದುನ ಎಂದಾದರೂ ಎದ್ದು ಹೋದಾನು. ಮದುವೆಯ ಮಾತು ಹಾಗಲ್ಲ. ನನ್ನಾಕೆ ದರ್ಜಿ. ಆಗ ಕತ್ತರಿಯನ್ನು ಸಾಣೆಗೆ ನನ್ನಲ್ಲಿಗೇ ತರುತ್ತಿದ್ದಳು. ಒಂದು ದಿನ ಸಾಣೆಕಲ್ಲಿನ ಮುಂದೆ ಧೈರ್ಯ ಮಾಡಿ ‘ನನ್ನ ಮದುವೆ ಆಗ್ತೀರಾ?’ ಎಂದೆ. ‘ಆಗಲಿ’ ಎಂದಳು. ಮೇಲೆ ಹಾಡು ಬರುತ್ತಿತ್ತು. ಶುಭಶಕುನವೆಂದುಕೊಂಡೆ ನಾನು, ಮುಠ್ಠಾಳ. ಅಂದಿನಿಂದ ಬಂದವರಿಗೆಲ್ಲ, ಗಲ್ಲಕ್ಕೆ ನೊರೆ ಹಚ್ಚುತ್ತ, ‘ಮೇಲೆ ಹಾಡು, ಕೆಳಗೆ ನಾವಿಬ್ಬರು’ ಎಂದು ಕೊಚ್ಚಿಕೊಂಡು ಬಂದಿದ್ದೇನೆ. ಈಗ ಆ ಹೊತ್ತು ನಾಲ್ಕಲ್ಲ, ಐದಾಗಿತ್ತು ಎಂದು ಸುಳ್ಳು ಹೇಳುವಂತೆಯೂ ಇಲ್ಲ, ಊರೆಲ್ಲ ಸಾಕ್ಷಿ.

ಪ್ರಕಟಣೆ ಓದಿ ಬಂದ ಆಕೆ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಕೇಳಿದಳು. ‘ರೀ, ಆವತ್ತು ಹಾಡು ಬರ್ತಿತ್ತು ಅಂತ ನೀವೇ ಅಲ್ವಾ ಹೇಳ್ಕೊಂಡು ತಿರುಗಿದ್ದು?’

ನಾನು ಗೋಡೆಯ ಗಡಿಯಾರ ತೋರಿಸಿದೆ. ‘ಈಗ ಬೆಳಗ್ಗೆ ಹತ್ತು ಗಂಟೆ. ಹಾಡಿಲ್ಲ, ಗೀಡಿಲ್ಲ. ಈಗ್ಲೇ ಕೇಳ್ತೀನಿ, ನಾನು ಬೇಕಾ ಬೇಡ್ವಾ?’

‘ಈಗ ಕೇಳಿದ್ರೆ ಏನ್ ಹೇಳ್ಲಿ? ಇಪ್ಪತ್ತೆರಡು ವರ್ಷದ ಅಭ್ಯಾಸ ಬಾಯಿಗೆ ಬರುತ್ತೆ ಅಷ್ಟೆ. ನೀವು ಕೇಳಿದ್ದು ನಾಲ್ಕಕ್ಕೆ, ಸಾಣೆಕಲ್ಲಿನ ಮುಂದೆ. ಆ ಹಾಡು ನಿಲ್ಲಿಸಿ ಅಲ್ಲೇ, ಅದೇ ಹೊತ್ತಿಗೆ ಕೇಳಿ. ಆಗ ಹೇಳ್ತೀನಿ.’

ಹೇಳಿ, ಗುಂಡುಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೊಲಿಗೆಗೆ ಕೂತಳು. ನಗುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಅಂದಿನಿಂದ ಸಾಣೆಗೆ ಕತ್ತರಿ ಬಂದಿಲ್ಲ. ಮೊಂಡು ಕತ್ತರಿಯಲ್ಲೇ ಕೆಲಸ ಸಾಗಿಸುತ್ತಿದ್ದಾಳೆ. ನನಗೆ ಭಯವಾಗಿದೆ ಸ್ವಾಮಿ. ಈ ವಯಸ್ಸಿನಲ್ಲಿ ಆಕೆ ಇಲ್ಲವೆಂದರೆ ನಾನು ಯಾರ ಮುಖ ನೋಡಿಕೊಂಡು ಅಂಗಡಿಯ ಬಾಗಿಲು ತೆಗೆಯಲಿ?

ಇನ್ನು ತಮ್ಮ ವಿಷಯ. ತಿಂಗಳಿಗೊಮ್ಮೆ ಸರಿಯಾಗಿ ನಾಲ್ಕಕ್ಕೆ ಬಂದು, ಅಲ್ಲಾಡದ ಕುರ್ಚಿಯಲ್ಲಿ ಕೂರುತ್ತೀರಿ. ಎರಡೂ ಕಿವಿಯಲ್ಲಿ ಮೇಣದ ಉಂಡೆ. ಕಿವಿನೋವಿರಬೇಕು ಪಾಪ ಎಂದು ನಾನು ಅಲ್ಲಿ ಮೆಲ್ಲಗೆ ಕೈ ಆಡಿಸುತ್ತಿದ್ದೆ! ಊರಿಗೆಲ್ಲ ಬಡಿಸಿದ್ದನ್ನು ಅಡುಗೆಯವನು ತಾನು ಮುಟ್ಟನೆಂದರೆ ಏನರ್ಥ? ಮುಂದಿನ ಸಲ ಒಂದು ಉಂಡೆಯನ್ನು ಮೆಲ್ಲಗೆ ಜಾರಿಸಿ, ‘ಹಾಡು ನಿಲ್ಲಿಸ್ತೀರಾ ಸ್ವಾಮಿ?’ ಎಂದರೆ ಸಾಕು, ‘ಆಗಲಿ’ ಎನ್ನುತ್ತೀರಿ. ಅದೇ ಉಸಿರಿನಲ್ಲಿ ತಮ್ಮ ಆ ಹುರಿ ಮಾಡಿದ ಮೀಸೆಯ ಮಾತನ್ನೂ ಮುಗಿಸಬಹುದು. ಕೈ ತುರಿಸುತ್ತಿದೆ, ಸುಳ್ಳೇಕೆ ಹೇಳಲಿ. ಆದರೆ ಮಾಡುವುದಿಲ್ಲ. ಅಂಥ ಒಂದು ‘ಆಗಲಿ’ಯನ್ನು ನಂಬಿಯೇ ನನಗೆ ಈ ಗತಿ ಬಂದಿರುವುದು.

ಆದ್ದರಿಂದ ಬರುವ ಸೋಮವಾರ, ನಾಲ್ಕರಿಂದ ನಾಲ್ಕೂವರೆವರೆಗೆ, ಗೋಪುರ ಬಾಯಿ ಮುಚ್ಚಿಕೊಂಡಿರಬೇಕೆಂಬುದು ನನ್ನ ಬೇಡಿಕೆ. ಅರ್ಧ ಗಂಟೆ ಜನ ‘ಇಲ್ಲ’ ಎಂದರೆ ಗೋಪುರವೇನೂ ಬೀಳುವುದಿಲ್ಲ. ಬಿದ್ದರೂ ಮೊದಲು ಬೀಳುವುದು ನನ್ನ ಅಂಗಡಿಯ ಮೇಲೆ. ಅದಕ್ಕೆ ನನ್ನ ಒಪ್ಪಿಗೆಯಿದೆ, ಇದನ್ನು ಬರೆಯುತ್ತಿರುವುದು ಬೆಳಗಿನ ಹನ್ನೊಂದಕ್ಕೆ. ತಾವೂ ಉತ್ತರವನ್ನು ಬೆಳಿಗ್ಗೆಯೇ ಬರೆಯಿರಿ.

ಇಷ್ಟು ಬರೆದು ಆಕೆಗೆ ಓದಿ ಹೇಳಿದೆ. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ‘ಸೋಮವಾರ ಬೇಡ, ಬುಧವಾರ ಅಂತ ಹಾಕಿ. ಆವತ್ತಿಗೆ ನನಗೊಂದು ಹೊಸ ಬಟ್ಟೆ ಹೊಲ್ಕೋಬೇಕು, ಈ ಮೊಂಡು ಕತ್ತರೀಲಿ ಸೋಮವಾರಕ್ಕೆ ಮುಗಿಯಲ್ಲ’ ಎಂದಳು. ಹೀಗಾಗಿ ಮೇಲೆ ಸೋಮವಾರ ಎಂದಿರುವುದನ್ನು ತಾವು ದಯಮಾಡಿ ಬುಧವಾರ ಎಂದು ಓದಿಕೊಳ್ಳಬೇಕು.

ಇಂತಿ,
ಬುಧವಾರದವರೆಗೆ ಗಂಡನೆನಿಸಿಕೊಂಡಿರುವ,
ಗೋಪುರದ ಬುಡದ ಮೀಸೆಗಳ್ಳ